ಫೋರ್‌ಹ್ಯಾಂಡ್ ಬೀಸಿದರೆ ಚೆಂಡು ಗೆರೆಯಾಚೆ: ನಿಯಂತ್ರಣವೂ ಸ್ಪಿನ್ನೂ ಬೇಕಾದರೆ ಯಾವ ರ‍್ಯಾಕೆಟ್?

ಟಿಳಕವಾಡಿ ಎಡಗೈ
ಬೆಳಗಾವಿಯಲ್ಲಿ ವಾರಕ್ಕೆ ಮೂರ್ನಾಲ್ಕು ಬೆಳಿಗ್ಗೆ ಟೆನಿಸ್ ಆಡುವವನು ನಾನು. ಎಡಗೈ, ವಯಸ್ಸು ನಲವತ್ತರ ಆಸುಪಾಸು. ಸದ್ಯ ಕೈಯಲ್ಲಿರುವುದು 100 ಚದರ ಇಂಚಿನ ತಲೆಯ, 285 ಗ್ರಾಂ ತೂಕದ, 16×19 (ಉದ್ದಕ್ಕೆ 16, ಅಡ್ಡಕ್ಕೆ 19 ಎಳೆ) ಹೆಣಿಗೆಯ ರ‍್ಯಾಕೆಟ್. ಅಂಗಡಿಯಿಂದ ತಂದಾಗಿನ ಗಟ್ಟಿಂಗ್ (ಎಳೆಗಳು, ಅಂದರೆ ಸ್ಟ್ರಿಂಗ್) ಇನ್ನೂ ಹಾಗೆಯೇ ಇದೆ. ಮೆಲ್ಲಗೆ ಆಡಿದರೆ ತೊಂದರೆಯಿಲ್ಲ. ಫೋರ್‌ಹ್ಯಾಂಡ್ ಪೂರ್ತಿ ಬೀಸಿದೆನೆಂದರೆ ಚೆಂಡು ಬೇಸ್‌ಲೈನ್ ದಾಟಿ ಹಿಂದಿನ ಜಾಲರಿಗೆ ಬಡಿಯುತ್ತದೆ. ಕೈ ಹಿಡಿದು ತಳ್ಳಿದರೆ ಎದುರಾಳಿ ನೆಟ್‌ಗೆ ಬಂದು ನಿಂತು ನನ್ನನ್ನು ಓಡಾಡಿಸುತ್ತಾನೆ.

98 ಚದರ ಇಂಚಿನ, 18×20 ಹೆಣಿಗೆಯ, 305 ಗ್ರಾಂನ ವಿಲ್ಸನ್ ಬ್ಲೇಡ್ ಕೊಳ್ಳಬೇಕೆಂದಿದ್ದೇನೆ. ಗೆಳೆಯನೊಬ್ಬ ಬಬೋಲಾ ಪ್ಯೂರ್ ಏರೋ ತೆಗೆದುಕೋ, ನಡಾಲ್ ಆಡಿದ್ದು ಅದರಲ್ಲೇ ಎನ್ನುತ್ತಾನೆ. ಒಂದು ನಿಯಂತ್ರಣಕ್ಕೆ, ಇನ್ನೊಂದು ಸ್ಪಿನ್‌ಗೆ ಎಂದು ಎಲ್ಲರೂ ಹಂಚಿ ಹೇಳುತ್ತಾರೆ. ಎರಡೂ ಬೇಕೆನ್ನುವವನು ಏನು ಮಾಡಬೇಕು? ಬೆಳಗಾವಿ ಎತ್ತರದಲ್ಲಿರುವುದರಿಂದ ಚೆಂಡು ಹಾರುತ್ತದೆ ಎಂಬ ಮಾತನ್ನೂ ಕೇಳಿದ್ದೇನೆ. ಅದರಲ್ಲಿ ಹುರುಳಿದೆಯೇ?

ಗುಮ್ಮಟನಗರಿ ಬ್ಯಾಕ್‌ಹ್ಯಾಂಡ್
ಅಣ್ಣ, ಹದಿನೈದು ಸಾವಿರಕ್ಕೂ ಮೇಲೆ ಫ್ರೇಮಿಗೆ ಸುರಿಯುವ ಮೊದಲು ನೀವೇ ಬರೆದ ಸಾಲನ್ನು ಇನ್ನೊಮ್ಮೆ ಓದಿ: ಅಂಗಡಿಯಿಂದ ತಂದಾಗಿನ ಗಟ್ಟಿಂಗ್ ಹಾಗೆಯೇ ಇದೆ. ಅರ್ಧ ರೋಗ ಅಲ್ಲಿದೆ. ಕಾರ್ಖಾನೆಯಲ್ಲೇ ಹಾಕಿ ಕಳಿಸುವುದು ಸಾಮಾನ್ಯವಾಗಿ ಅಗ್ಗದ ನೈಲಾನ್. ಇಷ್ಟು ದಿನಕ್ಕೆ ಅದರ ಬಿಗಿ ಸತ್ತಿರುತ್ತದೆ, ಸತ್ತ ಬಿಗಿ ಚೆಂಡನ್ನು ದೂರ ಚಿಮ್ಮಿಸುತ್ತದೆ.

ಒಂದು ಪರೀಕ್ಷೆ ಮಾಡಿ. ನಡುವಿನ ಉದ್ದ ಎಳೆಯನ್ನು ಬೆರಳಿನಿಂದ ಪಕ್ಕಕ್ಕೆ ಸರಿಸಿ ಬಿಡಿ. ತಾನಾಗಿ ಜಾಗಕ್ಕೆ ಮರಳಿದರೆ ಒಳ್ಳೆಯದು. ಸರಿಸಿದಲ್ಲೇ ಕುಳಿತರೆ ಅದರಿಂದ ಸ್ಪಿನ್ ನಿರೀಕ್ಷಿಸಬೇಡಿ. ಮೊಣಕೈ ನೋವಿನ ಇತಿಹಾಸ ಇಲ್ಲದಿದ್ದರೆ 1.25 ಮಿ.ಮೀ. ಪಾಲಿಯೆಸ್ಟರ್ ಸ್ಟ್ರಿಂಗನ್ನು 48–50 ಪೌಂಡ್ ಬಿಗಿಗೆ ಹಾಕಿಸಿ. ಇತಿಹಾಸ ಇದ್ದರೆ ಉದ್ದಕ್ಕೆ ಪಾಲಿ, ಅಡ್ಡಕ್ಕೆ ಸಣ್ಣ ನೂಲುಗಳನ್ನು ಸೇರಿಸಿ ಮಾಡಿದ, ಮೃದುವಾದ ಮಲ್ಟಿಫಿಲಮೆಂಟ್. ಹೊಸ ಫ್ರೇಮಿನ ಮಾತು ಆಮೇಲೆ.

ಕ್ಯಾಂಪಿನ ಕಾಕಾ
ನಾನು ಆಟ ಕಲಿತದ್ದು ಕಟ್ಟಿಗೆಯ ರ‍್ಯಾಕೆಟ್‌ನಲ್ಲಿ. ತಲೆ ಎಪ್ಪತ್ತು ಚದರ ಇಂಚು ಇರಲಿಲ್ಲ, ತೂಕ ನಾನೂರು ಗ್ರಾಂ ಹತ್ತಿರ. ಬೆಳಗಾವಿಯ ಮಳೆಗಾಲದಲ್ಲಿ ರಾತ್ರಿ ಅದನ್ನು ಪ್ರೆಸ್‌ಗೆ ಹಾಕಿ ನಾಲ್ಕೂ ಮೂಲೆ ಬಿಗಿಯದಿದ್ದರೆ ಬೆಳಗಾಗುವಷ್ಟರಲ್ಲಿ ಸೊಟ್ಟಗಾಗುತ್ತಿತ್ತು. ಅದರಲ್ಲಿ ನಡುವಿಗೆ ಹೊಡೆಯದಿದ್ದರೆ ಕೈ ನಡುಗುತ್ತಿತ್ತು, ಆದ್ದರಿಂದ ನಡುವಿಗೇ ಹೊಡೆಯುವುದನ್ನು ಕಲಿತೆವು. ನಿಯಂತ್ರಣ ಎಂದರೆ ಅದು. ತಮ್ಮಾ, ಚೆಂಡು ಹೊರಗೆ ಹೋಗುತ್ತಿರುವುದು ನಿನ್ನ ಹೊಡೆತ ಚಪ್ಪಟೆಯಾಗಿರುವುದರಿಂದ. ರ‍್ಯಾಕೆಟ್‌ನ ತಲೆ ಚೆಂಡಿಗಿಂತ ಕೆಳಗಿನಿಂದ ಮೇಲಕ್ಕೆ ಬರಲಿ, ಯಾವ ಕಂಪನಿಯದಾದರೂ ನಡೆಯುತ್ತದೆ.

ಉದ್ಯಮಬಾಗ ಮೈಕ್ರೋಮೀಟರ್
ಕಾಕಾ ಹೇಳಿದ್ದು ಮೂಲ ವಿಷಯ. ಸ್ಪಿನ್ ಹುಟ್ಟುವುದು ಕೆಳಗಿನಿಂದ ಮೇಲಕ್ಕೆ ಬರುವ ವೇಗದಿಂದ. ಉಳಿದದ್ದೆಲ್ಲ ಅದಕ್ಕೆ ಕೊಡುವ ನೆರವು. ಆದರೆ ಆ ನೆರವು ಸಣ್ಣದಲ್ಲ ಎಂಬುದಕ್ಕೆ ಇತಿಹಾಸದಲ್ಲೇ ಸಾಕ್ಷಿ ಇದೆ.

1977ರಲ್ಲಿ ಜರ್ಮನಿಯ ವೆರ್ನರ್ ಫಿಷರ್ ರೂಪಿಸಿದ ‘ಸ್ಪಗೆಟ್ಟಿ’ ಗಟ್ಟಿಂಗ್ ಬಂತು. ಉದ್ದ ಎಳೆಗಳು ಎರಡು ಪದರದಲ್ಲಿ, ಅಡ್ಡ ಎಳೆಗಳ ಜೊತೆ ಹೆಣೆದುಕೊಳ್ಳದೆ ಸಡಿಲವಾಗಿ ಜಾರುತ್ತಿದ್ದವು. ಚೆಂಡು ತಾಕಿದಾಗ ಪಕ್ಕಕ್ಕೆ ಸರಿದು, ಚೆಂಡು ಬಿಡುವ ಹೊತ್ತಿಗೆ ಮರಳಿ ಬಂದು ಅದನ್ನು ತಿರುಗಿಸಿ ಕಳಿಸುತ್ತಿದ್ದವು. ಸತತ 46 ಪಂದ್ಯ ಗೆದ್ದು ಬಂದಿದ್ದ ಅರ್ಜೆಂಟೀನಾದ ಆಟಗಾರ ಗಿಯೆರ್ಮೊ ವಿಲಾಸ್ ಫ್ರಾನ್ಸಿನ ಎಕ್ಸ್-ಆನ್-ಪ್ರೊವಾನ್ಸ್‌ನ ಫೈನಲ್‌ನಲ್ಲಿ ರೊಮೇನಿಯದ ಈಲಿ ನಸ್ತಾಸೆಯ ಇಂಥ ರ‍್ಯಾಕೆಟ್‌ನೆದುರು ಬೇಸತ್ತು ಆಟವನ್ನೇ ಬಿಟ್ಟು ನಡೆದರು. ಅಂತರರಾಷ್ಟ್ರೀಯ ಟೆನಿಸ್ ಒಕ್ಕೂಟ ಅದನ್ನು ನಿಷೇಧಿಸಿತು. ಎಳೆಗಳು ಒಂದರ ಮೇಲೊಂದು ಹಾದು ಹೆಣೆದಿರಬೇಕೆಂಬುದು ಇಂದಿನ ನಿಯಮ.

ಇಂದಿನ ಪಾಲಿಯೆಸ್ಟರ್ ಮಾಡುವುದು ಅದೇ ಕೆಲಸವನ್ನು, ನಿಯಮದೊಳಗೆ. ಅದು ಗಡುಸು, ನುಣುಪು. ಹಾಸಿನ ಎಳೆ ಹೊಕ್ಕಿನ ಮೇಲೆ ಜಾರಿ ಮರಳುವ ಸೀರೆಯನ್ನು ಇಳಕಲ್ಲಿನ ನೇಕಾರ ಯಾರಿಗೂ ಮಾರಲಾರ; ಟೆನಿಸ್‌ನಲ್ಲಿ ನಮಗೆ ಬೇಕಿರುವುದು ಅಂಥದ್ದೇ ಹೆಣಿಗೆ. ಗುಸ್ಟಾವೊ ಕುಯೆರ್ಟೆನ್ 1997ರಲ್ಲಿ ಲಕ್ಸಿಲಾನ್ ಕಂಪನಿಯ ಪಾಲಿಯೆಸ್ಟರ್ ಹಾಕಿಕೊಂಡು ಫ್ರೆಂಚ್ ಓಪನ್ ಗೆದ್ದ ಮೇಲೆ ವೃತ್ತಿಪರರು ಒಬ್ಬೊಬ್ಬರಾಗಿ ಇದರತ್ತ ಬಂದರು.

ನಿಯಂತ್ರಣ ಮತ್ತು ಸ್ಪಿನ್ ಎದುರಾಳಿಗಳು ಎಂಬುದು ಅಂಗಡಿಯ ಫಲಕದ ಮಾತು. ಟಾಪ್‌ಸ್ಪಿನ್ (ಮುಂದಕ್ಕೆ ಉರುಳುವ ತಿರುಗು) ಇದ್ದ ಚೆಂಡನ್ನು ಗಾಳಿ ಕೆಳಕ್ಕೆ ಎಳೆಯುತ್ತದೆ. ನೆಟ್‌ನ ಮೇಲೆ ಒಂದು ಮೀಟರ್ ಎತ್ತರದಲ್ಲಿ ಹೋದದ್ದೂ ಗೆರೆಯೊಳಗೆ ಬೀಳುತ್ತದೆ. ಪೂರ್ತಿ ಬೀಸುವವನಿಗೆ ಸ್ಪಿನ್ನೇ ನಿಯಂತ್ರಣ.

ಎತ್ತರದ ಬಗ್ಗೆ: ಬೆಳಗಾವಿ ಸಮುದ್ರಮಟ್ಟದಿಂದ ಸುಮಾರು 750 ಮೀಟರ್. ಒಕ್ಕೂಟದ ನಿಯಮದಲ್ಲಿ ಎತ್ತರದ ಊರುಗಳ ವಿಶೇಷ ಚೆಂಡಿಗೆ ಹೇಳಿರುವುದು 1,219 ಮೀಟರಿಗಿಂತ ಮೇಲೆ. ಕರಾವಳಿಗಿಂತ ಚೆಂಡು ತುಸು ಹೆಚ್ಚು ಸಾಗುತ್ತದೆ, ನಿಜ. ಹಿಂದಿನ ಜಾಲರಿಯವರೆಗೆ ಒಯ್ಯುವಷ್ಟಲ್ಲ.

ಟಿಳಕವಾಡಿ ಎಡಗೈ
ಸರ್, ಹಾಗಾದರೆ 18×20 ಯಾಕೆ ಬೇಡ? ಎಳೆಗಳು ಹತ್ತಿರವಿದ್ದರೆ ನಿಯಂತ್ರಣ ಹೆಚ್ಚೆಂದು ಎಲ್ಲ ಕಡೆ ಓದಿದ್ದೇನೆ.

ಉದ್ಯಮಬಾಗ ಮೈಕ್ರೋಮೀಟರ್
ಬೇಡವೆಂದು ನಾನು ಹೇಳಲಿಲ್ಲ. ದಟ್ಟ ಹೆಣಿಗೆಯಲ್ಲಿ ಎಳೆಗಳು ಕಡಿಮೆ ಜಾರುತ್ತವೆ, ಚೆಂಡು ಕೆಳಮಟ್ಟದ ಕೋನದಲ್ಲಿ ಹೊರಡುತ್ತದೆ. ಅದನ್ನೇ ಜನ ನಿಯಂತ್ರಣ ಎನ್ನುತ್ತಾರೆ. 16×19ರಲ್ಲಿ ಚೆಂಡು ತುಸು ಮೇಲೆ ಚಿಮ್ಮುತ್ತದೆ, ಜೊತೆಗೆ ಹೆಚ್ಚು ತಿರುಗುತ್ತದೆ. ನೀವು ಹೊಡೆತವನ್ನು ಮೇಲ್ಮುಖವಾಗಿ ತಿದ್ದಿಕೊಳ್ಳುವಿರಾದರೆ ಎರಡನೆಯದು. ಚಪ್ಪಟೆ ಹೊಡೆತವೇ ನಿಮ್ಮ ಸ್ವಭಾವವಾಗಿದ್ದರೆ ಮೊದಲನೆಯದು.

ಘಟಪ್ರಭಾ ವಾಲಿ
ಇಲ್ಲಿ ಎಲ್ಲರೂ ಬೇಸ್‌ಲೈನಿನಲ್ಲೇ ಬದುಕುವವರಂತೆ ಮಾತನಾಡುತ್ತಿದ್ದೀರಿ. ನಮ್ಮ ಊರುಗಳಲ್ಲಿ ನಲವತ್ತು ದಾಟಿದವರು ಆಡುವುದು ಡಬಲ್ಸ್. ಡಬಲ್ಸ್‌ನಲ್ಲಿ ಸರ್ವ್ ವಾಪಸಾತಿ, ವಾಲಿ (ಚೆಂಡು ನೆಲಕ್ಕೆ ಬೀಳುವ ಮೊದಲೇ ಹೊಡೆಯುವುದು), ಮೇಲಿನಿಂದ ಕೆಳಕ್ಕೆ ಕೊಯ್ದಂತೆ ಹೊಡೆಯುವ ತಗ್ಗಿನ ಸ್ಲೈಸ್ ಇವೇ ಪಾಯಿಂಟ್ ತರುವುದು. 18×20ರಲ್ಲಿ ವಾಲಿ ಹೋಗಬೇಕಾದಲ್ಲಿಗೇ ಹೋಗುತ್ತದೆ. ಸ್ಟ್ರಿಂಗೂ ಹೆಚ್ಚು ಬಾಳುತ್ತದೆ. ನಮ್ಮ ಕೊಡಗಿನ ರೋಹನ್ ಬೋಪಣ್ಣ 2024ರಲ್ಲಿ ಮ್ಯಾಥ್ಯೂ ಎಬ್ಡೆನ್ ಜೊತೆ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದದ್ದು 43ನೆಯ ವಯಸ್ಸಿನಲ್ಲಿ. ಆ ಆಟ ನೋಡಿ: ಸರ್ವ್, ವಾಲಿ, ಸರ್ವ್, ವಾಲಿ. ಐದು ಸೆಟ್ ಟಾಪ್‌ಸ್ಪಿನ್ ಎಳೆಯುವ ಮೊಣಕಾಲು ನಮ್ಮಲ್ಲಿ ಯಾರಿಗಿದೆ?

ಗುಮ್ಮಟನಗರಿ ಬ್ಯಾಕ್‌ಹ್ಯಾಂಡ್
ಬೋಪಣ್ಣನವರ ಸರ್ವ್ ಇದ್ದರೆ ನಾನೂ ಕಟ್ಟಿಗೆಯ ಹಲಗೆಯಲ್ಲಿ ಆಡುತ್ತೇನೆ. ಎಡಗೈ ಅಣ್ಣ ಕೇಳಿದ್ದು ಫೋರ್‌ಹ್ಯಾಂಡ್ ಬಗ್ಗೆ, ನೀವು ಅವರನ್ನು ನೆಟ್‌ಗೆ ಕಳಿಸುತ್ತಿದ್ದೀರಿ.

ಘಟಪ್ರಭಾ ವಾಲಿ
ನೆಟ್‌ಗೆ ಹೋದರೆ ಫೋರ್‌ಹ್ಯಾಂಡ್ ಹೊರಗೆ ಹೋಗುವ ಪ್ರಶ್ನೆಯೇ ಬರುವುದಿಲ್ಲ.

ಟಿಳಕವಾಡಿ ಎಡಗೈ
ಜಗಳ ನಿಲ್ಲಿಸಿ, ನನಗೊಂದು ದಾರಿ ಹೇಳಿ. ಇಲ್ಲಿ ಗಟ್ಟಿಂಗ್ ಮಾಡುವವರು ಹೆಚ್ಚಾಗಿ ಬ್ಯಾಡ್ಮಿಂಟನ್‌ನವರು. ಅವರ ಕೈಗೆ ಪಾಲಿ ಕೊಡಬಹುದೇ, ಅಥವಾ ಪುಣೆಗೆ ಕಳಿಸಬೇಕೇ?

ಗುಮ್ಮಟನಗರಿ ಬ್ಯಾಕ್‌ಹ್ಯಾಂಡ್
ಕೊಡಬಹುದು, ಕೇಳಿ ಕೊಡಬೇಕು. ಬ್ಯಾಡ್ಮಿಂಟನ್‌ಗೆಂದೇ ಇರುವ ಕೆಲವು ಯಂತ್ರಗಳು 35 ಪೌಂಡ್ ಮೀರಿ ಎಳೆಯುವುದಿಲ್ಲ, ಆದ್ದರಿಂದ ಯಂತ್ರದ ಮಿತಿ ಎಷ್ಟು ಎಂಬುದು ಮೊದಲ ಪ್ರಶ್ನೆ. ಎರಡನೆಯದು, ಅಂಕಿಯ ಜೊತೆ ಪೌಂಡೋ ಕಿಲೋವೋ ಎಂಬುದನ್ನು ಚೀಟಿಯಲ್ಲಿ ಬರೆದು ಕೊಡಿ. ಬರೀ 24 ಎಂದರೆ ಬ್ಯಾಡ್ಮಿಂಟನ್ ಅಭ್ಯಾಸದ ಕೈ 24 ಪೌಂಡಿಗೆ ಎಳೆಯುತ್ತದೆ. ಟೆನಿಸ್‌ನವರ 24 ಎಂದರೆ ಕಿಲೋ, ಅಂದರೆ ಸುಮಾರು 53 ಪೌಂಡ್. ಚೀಟಿಯಿಲ್ಲದೆ ಕೊಟ್ಟವರ ರ‍್ಯಾಕೆಟ್ ಮೀನಿನ ಬಲೆಯಂತೆ ವಾಪಸು ಬಂದದ್ದನ್ನು ನಮ್ಮ ಅಂಕಣದಲ್ಲೇ ನೋಡಿದ್ದೇನೆ.

ಮೂರನೆಯದು, ಅಡ್ಡ ಎಳೆಗಳನ್ನು ತಲೆಯ ಕಡೆಯಿಂದ ಆರಂಭಿಸಿ ಹಿಡಿಯ ಕಡೆಗೆ ಹಾಕಲಿ. ತಲೆಕೆಳಗಾಗಿ ಹಾಕಿದರೆ ಫ್ರೇಮಿನ ಮೇಲೆ ಬೇಡದ ಒತ್ತಡ ಬೀಳುತ್ತದೆ. ಫ್ರೇಮಿನ ತೂತುಗಳ ಪ್ಲಾಸ್ಟಿಕ್ ಒಳಪದರ ಒಡೆದಿದ್ದರೆ ಅದನ್ನೂ ತೋರಿಸಿ ಕೇಳಿ, ಒಡೆದ ಅಂಚು ಹೊಸ ಸ್ಟ್ರಿಂಗನ್ನು ಕತ್ತರಿಸುತ್ತದೆ.

ನವನಗರದ ತಾಯಿ
ಬಾಗಲಕೋಟೆಯಿಂದ ಬರೆಯುತ್ತಿದ್ದೇನೆ. ಮಗಳಿಗೆ ಹನ್ನೆರಡು. ಈಗಷ್ಟೇ 26 ಇಂಚು ಉದ್ದದ್ದರಿಂದ 27 ಇಂಚಿನ ರ‍್ಯಾಕೆಟ್‌ಗೆ ಬರುತ್ತಿದ್ದಾಳೆ. ಅಂಗಡಿಯವರೊಬ್ಬರು ‘ಹೇಗೂ ಬೆಳೆಯುತ್ತಾಳೆ’ ಎಂದು 305 ಗ್ರಾಂನದನ್ನು, ಪೂರ್ತಿ ಪಾಲಿ ಹಾಕಿಸಿ, ಕೊಡಲು ಹೊರಟಿದ್ದರು. ಶಾಲೆಯ ಸಮವಸ್ತ್ರವನ್ನು ಒಂದಳತೆ ದೊಡ್ಡದು ಹೊಲಿಸಬಹುದು, ಇದನ್ನೂ ಹಾಗೆಯೇ ಮಾಡಬೇಕೇ ಎಂದು ಕೇಳಿ ಹೊರಗೆ ಬಂದೆ. ಅವಳಿಗೂ ಟಾಪ್‌ಸ್ಪಿನ್ ಬೇಕು, ದೂರದರ್ಶನದಲ್ಲಿ ನೋಡಿದ್ದೆಲ್ಲ ಬೇಕು. ಏನು ಕೊಡಿಸಲಿ?

ಕ್ಯಾಂಪಿನ ಕಾಕಾ
ಹೊರಗೆ ಬಂದದ್ದು ಸರಿ ಮಾಡಿದೆ ತಂಗಿ. ಬೆಳೆಯುವ ಕೈಗೆ ಗಡುಸು ಸ್ಟ್ರಿಂಗ್ ಕೊಡಬೇಡ. ನನ್ನ ಮೊಣಕೈಗೆ ಪಟ್ಟಿ ಕಟ್ಟಿಕೊಂಡೇ ಇದನ್ನು ಬರೆಯುತ್ತಿದ್ದೇನೆ.

ಉದ್ಯಮಬಾಗ ಮೈಕ್ರೋಮೀಟರ್
ಅಕ್ಕ, 260ರಿಂದ 280 ಗ್ರಾಂ ಒಳಗಿನ, 100 ಚದರ ಇಂಚಿನ ತಲೆಯ, 16×19 ಹೆಣಿಗೆಯದನ್ನು ನೋಡಿ. ಸ್ಟ್ರಿಂಗ್ ಸಾದಾ ಸಿಂಥೆಟಿಕ್ ಗಟ್ ಅಥವಾ ಮಲ್ಟಿಫಿಲಮೆಂಟ್, 50 ಪೌಂಡ್ ಆಸುಪಾಸು. ಪಾಲಿಯ ಲಾಭ ಸಿಗುವುದು ಎಳೆಯನ್ನು ಸರಿಸುವಷ್ಟು ವೇಗದಲ್ಲಿ ಬೀಸುವವರಿಗೆ. ನಿಧಾನಕ್ಕೆ ಬೀಸಿದರೆ ಗಡಸುತನ ಮಾತ್ರ ಕೈಗೆ ಬರುತ್ತದೆ. ಫ್ರೇಮಿನ ಗಡಸುತನವನ್ನು ಆರ್‌ಎ ಎಂಬ ಅಂಕಿಯಲ್ಲಿ ಹೇಳುತ್ತಾರೆ. ಅದು 70ರ ಆಚೆ ಇದ್ದರೆ ಬಿಡಿ, 65ರ ಸುತ್ತ ಇದ್ದರೆ ತೋಳಿಗೆ ಹಿತ.

ಹಿಡಿಯ ಅಳತೆಗೆ: ಮಗಳು ರ‍್ಯಾಕೆಟ್ ಹಿಡಿದಾಗ ಬೆರಳ ತುದಿಗೂ ಅಂಗೈಗೂ ನಡುವೆ ಇನ್ನೊಂದು ಕೈಯ ತೋರುಬೆರಳು ಹಿಡಿಯುವಷ್ಟು ಜಾಗ ಉಳಿಯಬೇಕು. ಅನುಮಾನವಿದ್ದರೆ ಸಣ್ಣದನ್ನೇ ಕೊಳ್ಳಿ. ಓವರ್‌ಗ್ರಿಪ್ ಸುತ್ತಿ ದಪ್ಪ ಮಾಡಬಹುದು, ದಪ್ಪ ಹಿಡಿಯನ್ನು ಕೆತ್ತಿ ಸಣ್ಣದು ಮಾಡುವುದು ಆಗದ ಮಾತು.

ನವನಗರದ ತಾಯಿ
ಉಪಕಾರವಾಯಿತು. 270 ಗ್ರಾಂನದನ್ನೇ ಹುಡುಕುತ್ತೇನೆ. ಬೆಳೆದ ಮೇಲೆ ತೂಕ ಸೇರಿಸಬಹುದು ಎನ್ನುತ್ತಾರಲ್ಲ, ಅದು ಹೇಗೆಂದು ಯಾರಾದರೂ ಬಿಡಿಸಿ ಹೇಳಿದರೆ ಒಳ್ಳೆಯದು.

ಉದ್ಯಮಬಾಗ ಮೈಕ್ರೋಮೀಟರ್
ಈ ಪ್ರಶ್ನೆಗೇ ಕಾಯುತ್ತಿದ್ದೆ.

ರ‍್ಯಾಕೆಟ್‌ಗೆ ಮೂರು ತೂಕಗಳಿವೆ. ತಕ್ಕಡಿ ತೋರಿಸುವುದು ಒಂದು. ಸಮತೋಲನ ಬಿಂದು ಎರಡನೆಯದು: ಅಂಚಿನ ಮೇಲೆ ಇಟ್ಟು ಎಲ್ಲಿ ನಿಲ್ಲುತ್ತದೆಂದು ಹಿಡಿಯ ಬುಡದಿಂದ ಅಳೆಯಿರಿ. 300 ಗ್ರಾಂನ ರ‍್ಯಾಕೆಟ್‌ಗೆ ಸ್ಟ್ರಿಂಗ್ ಇಲ್ಲದೆ ಸಾಮಾನ್ಯವಾಗಿ 32 ಸೆಂ.ಮೀ. ಸುಮಾರು 16 ಗ್ರಾಂ ಸ್ಟ್ರಿಂಗ್ ಹಾಕಿದ ಮೇಲೆ ಅದು 33ಕ್ಕೆ ಸರಿಯುತ್ತದೆ. ಮೂರನೆಯದು ಬೀಸು ತೂಕ, ಬೀಸುವಾಗ ಕೈಗೆ ಎಷ್ಟು ಭಾರವೆನಿಸುತ್ತದೆ ಎಂಬುದು. ಆಟಕ್ಕೆ ಮುಖ್ಯವಾದದ್ದು ಇದೇ, ಅಂಗಡಿಯಲ್ಲಿ ಯಾರೂ ಹೇಳದಿರುವುದೂ ಇದೇ.

ಇದನ್ನು ಮನೆಯಲ್ಲೇ ಅಳೆಯಬಹುದು. ಹಿಡಿಯ ಬುಡದ ಅಂಚನ್ನು ಮೊಳೆಗೆ ತೂಗುಹಾಕಿ, ಲೋಲಕದ ಹಾಗೆ ಸಣ್ಣಗೆ ಓಲಾಡಲು ಬಿಟ್ಟು, ಹೋಗಿ ಬರುವುದು ಒಂದು ಎಂದೆಣಿಸಿ ಹತ್ತು ಓಲಾಟದ ಹೊತ್ತನ್ನು ಮೊಬೈಲಿನಲ್ಲಿ ಹಿಡಿಯಿರಿ. ಸ್ಟ್ರಿಂಗ್ ಸೇರಿ 320 ಗ್ರಾಂ, ಸಮತೋಲನ 33 ಸೆಂ.ಮೀ. ಇರುವ ರ‍್ಯಾಕೆಟ್ ಹತ್ತು ಓಲಾಟಕ್ಕೆ ಸುಮಾರು 13.8 ಸೆಕೆಂಡ್ ತೆಗೆದುಕೊಂಡರೆ ಅದರ ಬೀಸು ತೂಕ 320ರ ಹತ್ತಿರ (ಇದು ಗ್ರಾಂ ಅಲ್ಲ, ಕೆಜಿ·ಸೆಂ.ಮೀ.² ಎಂಬ ಅಳತೆ). ತೂಕ, ಸಮತೋಲನ ಅಷ್ಟೇ ಇದ್ದು ಹೊತ್ತು ಹೆಚ್ಚಿದರೆ ಬೀಸು ತೂಕವೂ ಹೆಚ್ಚು.

ಈಗ ಸೀಸದ ಟೇಪ್. ಗಡಿಯಾರದ ಮುಖದಂತೆ ತಲೆಯನ್ನು ನೋಡಿದರೆ, 12 ಗಂಟೆಯ ಜಾಗದಲ್ಲಿ ಒಂದು ಗ್ರಾಂ ಹಚ್ಚಿದರೆ ಬೀಸು ತೂಕ 3.4ರಷ್ಟು ಏರುತ್ತದೆ. 3 ಮತ್ತು 9 ಗಂಟೆಯ ಜಾಗದಲ್ಲಿ ಒಂದು ಗ್ರಾಂಗೆ 1.7 ಮಾತ್ರ. ಆದರೆ ಅಲ್ಲಿ ಇನ್ನೊಂದು ಲಾಭವಿದೆ. ಚೆಂಡು ನಡುವಿಗೆ ಬೀಳದೆ ಪಕ್ಕಕ್ಕೆ ಬಿದ್ದಾಗ ರ‍್ಯಾಕೆಟ್ ಕೈಯಲ್ಲಿ ತಿರುಚುತ್ತದಲ್ಲ, ಆ ತಿರುಚನ್ನು ಅದು ತಡೆಯುತ್ತದೆ. ಎರಡೂ ಪಕ್ಕ ಸೇರಿ 4 ಗ್ರಾಂ ಹಚ್ಚಿದರೆ ಬೀಸು ತೂಕ ಶೇ 2ರಷ್ಟು ಏರಿದರೆ, ತಿರುಚು ತಡೆಯುವ ಗುಣ ಶೇ 5ರಷ್ಟು ಏರುತ್ತದೆ. ನಿಯಂತ್ರಣ ಬೇಕೆನ್ನುವವರಿಗೆ ನನ್ನ ಮತ ಇಲ್ಲಿಗೇ.

ಹಿಡಿಯೊಳಗೆ ಹಾಕಿದ ತೂಕ ಬೀಸು ತೂಕವನ್ನು ಹೆಚ್ಚುಕಡಿಮೆ ಮುಟ್ಟುವುದೇ ಇಲ್ಲ. ಎಡಗೈಯವರ 285 ಗ್ರಾಂ ರ‍್ಯಾಕೆಟ್ ಸ್ಟ್ರಿಂಗ್ ಸೇರಿ 301 ಗ್ರಾಂ, ಸಮತೋಲನ 34 ಸೆಂ.ಮೀ. ಎಂದುಕೊಳ್ಳಿ. ಪಕ್ಕಗಳಿಗೆ ಎರಡೆರಡು ಗ್ರಾಂ, ಹಿಡಿಗೆ 8 ಗ್ರಾಂ ಹಾಕಿದರೆ ಒಟ್ಟು 313, ಸಮತೋಲನ 33.5. ಭಾರ ಹೆಚ್ಚಿತು, ಆದರೂ ತಲೆ ಚುರುಕಾಗಿಯೇ ಉಳಿಯಿತು. ಸ್ಪಿನ್‌ಗೆ ಬೇಕಾದ ವೇಗಕ್ಕೆ ಧಕ್ಕೆಯಿಲ್ಲ. ಮೂಲ ಗ್ರಿಪ್ ಬಿಚ್ಚಿ ಚರ್ಮದ ಗ್ರಿಪ್ ಸುತ್ತಿದರೆ ಹಿಡಿಗೆ ಹತ್ತು ಗ್ರಾಂ ಸುಮಾರು ತಾನಾಗಿ ಸೇರುತ್ತದೆ.

ಘಟಪ್ರಭಾ ವಾಲಿ
ಸೀಸದ ಟೇಪ್ ಸಿಗದವರು ಚಕ್ರದ ಬ್ಯಾಲೆನ್ಸಿಂಗ್ ಅಂಗಡಿಯಲ್ಲಿ ಅಂಟಿಸುವ 5 ಗ್ರಾಂ ಬಿಲ್ಲೆ ಕೇಳಿ. ತಲೆಗೆ ಅದು ದಪ್ಪ, ಗ್ರಿಪ್ಪಿನ ಕೆಳಗೆ ಸರಿಹೋಗುತ್ತದೆ. ತಲೆಗೆ ತೆಳು ಟೇಪೇ ಬೇಕು. ಅರ್ಧ ಗ್ರಾಂ ವ್ಯತ್ಯಾಸ ತಿಳಿಯಲು ಕಿರಾಣಿ ಅಂಗಡಿಯ ತಕ್ಕಡಿ ಸಾಲದು. ನಾನು ಪರಿಚಯದ ಅಕ್ಕಸಾಲಿಗರ ಹತ್ತಿರ ತೂಗಿಸುತ್ತೇನೆ. ಬಂಗಾರ ತರುತ್ತೇನೆಂದುಕೊಂಡು ಚಹಾ ತರಿಸಿದವರು ಈಗ ನನ್ನನ್ನು ಕಂಡರೆ ನಗುತ್ತಾರೆ.

ಉದ್ಯಮಬಾಗ ಮೈಕ್ರೋಮೀಟರ್
ಸೀಸ ಹಚ್ಚಿದ ಮೇಲೆ ಕೈ ತೊಳೆದೇ ಊಟಕ್ಕೆ ಕೂಡಿ, ಮಕ್ಕಳ ಕೈಗೆ ಟೇಪ್ ಕೊಡಬೇಡಿ. ನವನಗರದ ಅಕ್ಕ, ಮಗಳ ರ‍್ಯಾಕೆಟ್‌ಗೆ ಟಂಗ್‌ಸ್ಟನ್ ಟೇಪ್ ಸಿಕ್ಕರೆ ಅದೇ ಇರಲಿ. ಪಟ್ಟಿಯ ಮೇಲೆ ಫ್ರೇಮಿನ ಅಂಚು ಕಾಯುವ ಬಂಪರ್ ಟೇಪ್ ಸುತ್ತಿದರೆ ಉಜ್ಜಿ ಹೋಗುವುದಿಲ್ಲ.

ಟಿಳಕವಾಡಿ ಎಡಗೈ
ವರದಿ ಒಪ್ಪಿಸುತ್ತೇನೆ. ಗಟ್ಟಿಂಗ್ ಬೆಳಗಾವಿಯಲ್ಲೇ ಆಯಿತು. ಯಂತ್ರ 60 ಪೌಂಡಿನವರೆಗೆ ಎಳೆಯುತ್ತದೆ ಎಂದರು, ಚೀಟಿಯಲ್ಲಿ ಬರೆದು ಕೊಟ್ಟೆ. ಉದ್ದಕ್ಕೆ 1.25 ಪಾಲಿ 48 ಪೌಂಡ್, ಅಡ್ಡಕ್ಕೆ ಮಲ್ಟಿಫಿಲಮೆಂಟ್ 50 ಪೌಂಡ್. ಮೊದಲ ಬೆಳಿಗ್ಗೆ ಎಲ್ಲವೂ ನೆಟ್‌ಗೆ ಬಡಿದವು, ಇಷ್ಟು ದಿನ ಹೊರಗೆ ಹೋಗುತ್ತಿದ್ದುದಕ್ಕೆ ಬಡ್ಡಿ ಸಮೇತ. ಗುರಿಯನ್ನು ಮೇಲಕ್ಕೆ ಎತ್ತಿದ ಮೇಲೆ ಚೆಂಡು ಗೆರೆಯ ಹತ್ತಿರ ಹೋಗಿ ತಲೆ ತಗ್ಗಿಸಿ ಬೀಳಲಾರಂಭಿಸಿತು. ಬಿದ್ದ ಮೇಲೆ ಎತ್ತರಕ್ಕೆ ಪುಟಿಯುತ್ತದೆ, ನೆಟ್‌ಗೆ ಬರುತ್ತಿದ್ದ ಎದುರಾಳಿ ಈಗ ಹಿಂದೆ ಸರಿಯುತ್ತಿದ್ದಾನೆ.

ಟೇಪ್ ಪಕ್ಕಗಳಿಗೆ ಎರಡೆರಡು ಗ್ರಾಂ ಹಚ್ಚಿದೆ. ಸರ್ವ್ ತಡೆಯುವಾಗ ವ್ಯತ್ಯಾಸ ಸ್ಪಷ್ಟ, ರ‍್ಯಾಕೆಟ್ ಕೈಯಲ್ಲಿ ನಡುಗುವುದಿಲ್ಲ. 12 ಗಂಟೆಯ ಜಾಗದಲ್ಲೂ ಎರಡು ಗ್ರಾಂ ಹಾಕಿ ನೋಡಿದೆ. ಸರ್ವ್ ಭಾರವಾಯಿತು, ಮೂರನೆಯ ಸೆಟ್‌ನಲ್ಲಿ ಭುಜವೂ ಭಾರವಾಯಿತು, ಕಿತ್ತೆಸೆದೆ. ಬ್ಲೇಡ್ ಸದ್ಯಕ್ಕೆ ಬೇಡ. ಕೊಂಡರೂ 16×19ರದನ್ನೇ ಕೊಳ್ಳುತ್ತೇನೆ. ವಾಲಿ ಸರ್ ಬೇಸರಿಸಬಾರದು.

ಘಟಪ್ರಭಾ ವಾಲಿ
ಬೇಸರವಿಲ್ಲ. ಐವತ್ತಾಗಲಿ, ನೆಟ್‌ಗೆ ಬನ್ನಿ.

ಕ್ಯಾಂಪಿನ ಕಾಕಾ
ಎಡಗೈಯವನು ಕಂಪನಿ ಸುತ್ತಿದ ಗ್ರಿಪ್ಪನ್ನು ಹಾಗೆಯೇ ಬಳಸುತ್ತಿರುತ್ತಾನೆ. ಅದು ಬಲಗೈಯವರಿಗೆ ಸುತ್ತಿದ್ದು. ಬಿಚ್ಚಿ, ಎದುರು ದಿಕ್ಕಿಗೆ ಸುತ್ತು ತಮ್ಮಾ, ಅಂಚು ಬೆರಳಿಗೆ ತಾಕುವುದಿಲ್ಲ. ಅಂಕಣದ ಮಣ್ಣು ಸ್ಟ್ರಿಂಗ್‌ಗಳ ನಡುವೆ ಕುಳಿತು ಗರಗಸದಂತೆ ಕೊಯ್ಯುತ್ತದೆ, ಆಟ ಮುಗಿದ ಮೇಲೆ ಒಣ ಬಟ್ಟೆಯಿಂದ ಒರೆಸು.

ಗುಮ್ಮಟನಗರಿ ಬ್ಯಾಕ್‌ಹ್ಯಾಂಡ್
ಪಾಲಿಯ ಒಂದು ದುರ್ಗುಣವನ್ನು ಯಾರೂ ಹೇಳಲಿಲ್ಲ: ಕಡಿಯುವ ಮೊದಲೇ ಸಾಯುತ್ತದೆ. ತುಂಡಾಗಲಿಲ್ಲವಲ್ಲ ಎಂದು ತಿಂಗಳುಗಟ್ಟಲೆ ಇಟ್ಟುಕೊಂಡರೆ ಗಡಸುತನ ಉಳಿದು ಪುಟಿತ ಹೋಗಿರುತ್ತದೆ, ಮೊಣಕೈ ಹಿಡಿಯುವುದು ಆಗಲೇ. ಹೊಸದಾಗಿ ಹಾಕಿಸಿದ ದಿನ ಸ್ಟ್ರಿಂಗ್ ತಟ್ಟಿ ಅದರ ನಾದವನ್ನು ಮೊಬೈಲಿನಲ್ಲಿ ಹಿಡಿದಿಡಿ. ಸ್ವರ ಬಹಳ ಇಳಿದಿದ್ದರೆ ಕತ್ತರಿಸಿ ತೆಗೆಯಿರಿ. ನಾವು ಇಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಎರಡು ಪೌಂಡ್ ಹೆಚ್ಚಿಸಿ ಹಾಕಿಸುತ್ತೇವೆ. ಬಿಸಿಲಿಗೆ ಚೆಂಡು ಜಾಸ್ತಿ ಪುಟಿಯುತ್ತದೆ, ಸ್ಟ್ರಿಂಗೂ ಬೇಗ ಸಡಿಲವಾಗುತ್ತದೆ. ಕಾರಿನಲ್ಲಿ ರ‍್ಯಾಕೆಟ್ ಬಿಟ್ಟು ಕಚೇರಿಗೆ ಹೋಗುವವರಿಗೆ ಇದಾವುದೂ ಉಪಯೋಗವಿಲ್ಲ.

ಟಿಳಕವಾಡಿ ಎಡಗೈ
ನಮ್ಮಲ್ಲಿ ಡಿಸೆಂಬರಿನ ಬೆಳಗಿನ ಚಳಿಗೆ ಏನು ಮಾಡಲಿ? ಆಗ ಚೆಂಡು ಕಲ್ಲಿನಂತಿರುತ್ತದೆ.

ಗುಮ್ಮಟನಗರಿ ಬ್ಯಾಕ್‌ಹ್ಯಾಂಡ್
ಎರಡು ಪೌಂಡ್ ಇಳಿಸಿ. ಪಾಲಿ 46, ಅಡ್ಡಕ್ಕೆ 48. ಅದಕ್ಕೂ ಗಡುಸೆನಿಸಿದರೆ ಫೆಡರರ್ ಮಾಡುತ್ತಿದ್ದಂತೆ ತಿರುವುಮುರುವು ಮಾಡಿ, ಮೃದುವಾದದ್ದು ಉದ್ದಕ್ಕೆ, ಪಾಲಿ ಅಡ್ಡಕ್ಕೆ. ಅವರು ಉದ್ದಕ್ಕೆ ಹಾಕುತ್ತಿದ್ದುದು ದನದ ಕರುಳಿನ ನ್ಯಾಚುರಲ್ ಗಟ್. ಅದರ ಬೆಲೆ ಕೇಳಿದರೆ ಚಳಿಯಲ್ಲೂ ಬೆವರುತ್ತೀರಿ, ನಿಮ್ಮ ಮಳೆಗಾಲದ ತೇವಕ್ಕೆ ಅದು ಉಳಿಯುವುದೂ ಇಲ್ಲ. ಮಲ್ಟಿಫಿಲಮೆಂಟೇ ಸಾಕು.